ಕಟ್ಟಿದ್ದಕ್ಕಲ್ಲ, ನಡೆದದ್ದಕ್ಕೆ ಹಣ ಕೊಡಿ

ಮಾನ್ಯ ಸಂಪಾದಕರೇ,

ಕೈಗಾರಿಕೆ ಮತ್ತು ಆಹಾರ ಉತ್ಪಾದನೆಯಲ್ಲಿ ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವ ಹೊಸ ತಂತ್ರಜ್ಞಾನಗಳ ಬಗ್ಗೆ ಈಚಿನ ದಿನಗಳಲ್ಲಿ ಪತ್ರಿಕೆಗಳಲ್ಲಿ ಸಾಕಷ್ಟು ಬರಹಗಳು ಬರುತ್ತಿವೆ. ಹಸಿರು ಹೈಡ್ರೋಜನ್, ಹೊಗೆಯಿಂದಲೇ ಇಂಗಾಲವನ್ನು ಹಿಡಿದು ನೆಲದಡಿ ಹೂಳುವ ಘಟಕ, ಹಸುವಿನ ಹೊಟ್ಟೆಯಲ್ಲಿ ಹುಟ್ಟುವ ಮೀಥೇನ್ ಅನಿಲ ಕಡಿಮೆ ಮಾಡುವ ಪುಡಿ ಎಂದು ಒಂದೊಂದನ್ನೂ ಓದಿದಾಗ ಕುತೂಹಲವೇನೋ ಹುಟ್ಟುತ್ತದೆ. ಆದರೆ ಇವುಗಳಲ್ಲಿ ಯಾವುದು ಶಿರಸಿಯ ಅಡಿಕೆ ತೋಟಕ್ಕೆ, ತದಡಿಯ ಮೀನುಗಾರಿಕೆ ಬಂದರಿಗೆ, ಉಪ್ಪುನೀರು ಹತ್ತುವ ಕುಮಟಾದ ಗಜನಿ ಗದ್ದೆಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂಬ ವಿಚಾರ ಮಾತ್ರ ಎಲ್ಲಿಯೂ ಬರುತ್ತಿಲ್ಲ. ಅಡಿಕೆ ಬೆಳೆಗಾರನಾಗಿ ಈ ಬಗ್ಗೆ ನನಗೆ ತೋಚಿದ್ದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ಮನ್ನಿಸಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಲ್ಲಿ ಒಂದು ಸಮಾಧಾನ ಮನೆ ಮಾಡಿದೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ವಿದ್ಯುತ್ ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ ಕೊನೆಯವರೆಗೆ ಸತತ 962 ದಿನ ನಿಲ್ಲದೆ ನಡೆದು ಜಾಗತಿಕ ದಾಖಲೆ ಬರೆಯಿತು. ಕಾಳಿ ನದಿಗೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟುಗಳ ಸಾಲೇ ಇದೆ. ಇಷ್ಟೆಲ್ಲ ವಿದ್ಯುತ್ತನ್ನು ಕಲ್ಲಿದ್ದಲು ಸುಡದೆ ನಾಡಿಗೆ ಕೊಡುತ್ತಿರುವಾಗ ಇಂಗಾಲದ ಲೆಕ್ಕದಲ್ಲಿ ನಮ್ಮ ಪಾಲು ಮುಗಿಯಿತಲ್ಲ ಎಂಬುದು ಆ ಸಮಾಧಾನ. ಮುಳುಗಡೆಯಾದ ಊರುಗಳನ್ನು ನೆನೆದರೆ ಈ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ಆದರೂ ಅದು ಅರ್ಧ ಲೆಕ್ಕ. ಕೈಗಾದಲ್ಲಿ ಹುಟ್ಟಿದ ವಿದ್ಯುತ್ತು ದೇಶದ ವಿದ್ಯುತ್ ಜಾಲವಾದ ಗ್ರಿಡ್‌ಗೆ ಸೇರಿ ಎಲ್ಲರದ್ದಾಗುತ್ತದೆ; ನಮ್ಮ ಮನೆಗೆ ಬರುವುದು ಆ ಗ್ರಿಡ್‌ನ ಬೆರಕೆ ವಿದ್ಯುತ್ತೇ. ಅದಕ್ಕಿಂತ ಮುಖ್ಯವಾದದ್ದೆಂದರೆ, ಇಲ್ಲಿ ನಾವು ಸುಡುವುದರಲ್ಲಿ ಹೆಚ್ಚಿನದು ವಿದ್ಯುತ್ತಿಗಾಗಿ ಅಲ್ಲ, ಶಾಖಕ್ಕಾಗಿ. ಅಡಿಕೆ ಬೇಯಿಸುವ ಒಲೆ, ಗೇರುಬೀಜ ಸಂಸ್ಕರಿಸುವ ಬಾಯ್ಲರ್, ಕಾಗದ ಮತ್ತು ಸಕ್ಕರೆ ಕಾರ್ಖಾನೆಗಳ ಹಬೆ, ಹೋಟೆಲಿನ ಗ್ಯಾಸ್ ಒಲೆ ಇವೆಲ್ಲ ಶಾಖದ ಲೆಕ್ಕಕ್ಕೆ ಸೇರುತ್ತವೆ. ಜಗತ್ತಿನ ಕೈಗಾರಿಕೆಗಳಲ್ಲಿಯೂ ತಿದ್ದಲು ಕಷ್ಟವೆನಿಸಿರುವುದು ಈ ಶಾಖದ ಭಾಗವೇ.

ಉಕ್ಕಿನ ವಿಷಯವನ್ನು ನಾನು ಬೇಗ ದಾಟುತ್ತೇನೆ. ಸ್ವೀಡನ್ನಿನಲ್ಲಿ ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಳಸಿ ಅದಿರಿನಿಂದ ಕಬ್ಬಿಣ ತೆಗೆದು, 2021ರಲ್ಲಿ ಮೊದಲ ಉಕ್ಕನ್ನು ವಾಹನ ತಯಾರಕರಿಗೆ ಕೊಟ್ಟದ್ದು ನಿಜಕ್ಕೂ ದೊಡ್ಡ ಸಾಧನೆ. ಕೇಂದ್ರ ಸರ್ಕಾರವೂ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ನೀಡಿದೆ. ಆದರೆ ನೀರನ್ನು ಒಡೆದು ಒಂದು ಕಿಲೋ ಹೈಡ್ರೋಜನ್ ತೆಗೆಯಲು 50 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಒಂದು ಟನ್ ಕಬ್ಬಿಣಕ್ಕೆ 50 ಕಿಲೋಗೂ ಹೆಚ್ಚು ಹೈಡ್ರೋಜನ್ ಬೇಕು. ಇಷ್ಟು ದುಬಾರಿಯಾದ ಅನಿಲವನ್ನು ಬೇರೆ ದಾರಿಯೇ ಇಲ್ಲದ ಕಡೆ, ಅಂದರೆ ಉಕ್ಕಿಗೆ ಮತ್ತು ರಸಗೊಬ್ಬರದ ಅಮೋನಿಯಾಕ್ಕೆ ಮೀಸಲಿಡಬೇಕೇ ಹೊರತು, ವಿದ್ಯುತ್ತಿನಿಂದ ನೇರವಾಗಿ ಆಗುವ ಅಡುಗೆಗೂ ಒಣಗಿಸುವಿಕೆಗೂ ಅದನ್ನು ತರುವ ಮಾತು ಜಾಣತನವಲ್ಲ. ಅದು ಉಕ್ಕಿನ ಕಾರ್ಖಾನೆಗಳಿರುವ ಬಳ್ಳಾರಿಯವರು ಯೋಚಿಸಬೇಕಾದ ವಿಷಯ. ಅವರು ಯೋಚಿಸುತ್ತಿದ್ದಾರೆಂದೇ ನಂಬೋಣ.

ಸಿಮೆಂಟ್ ಹಾಗಲ್ಲ. ಅದನ್ನು ನಾವು ತಯಾರಿಸದಿದ್ದರೂ ಖರ್ಚು ಮಾಡುತ್ತೇವೆ. ಹೆದ್ದಾರಿ, ಬಂದರು, ಸೇತುವೆ, ನೌಕಾನೆಲೆ, ಕಡಲ್ಕೊರೆತ ತಡೆಯುವ ಗೋಡೆ ಎಂದು ಕಳೆದ ಎರಡು ದಶಕಗಳಲ್ಲಿ ಈ ಕರಾವಳಿಗೆ ಸುರಿದ ಕಾಂಕ್ರೀಟ್ ಕಡಿಮೆಯೇನಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 7ರಷ್ಟು ಸಿಮೆಂಟಿನಿಂದ ಬರುತ್ತದೆ. ಅದರಲ್ಲಿಯೂ ಹೆಚ್ಚಿನ ಪಾಲು ಇಂಧನದ್ದಲ್ಲ, ಸುಣ್ಣದ ಕಲ್ಲು ಕಾದು ಒಡೆಯುವಾಗ ಕಲ್ಲಿನೊಳಗಿಂದಲೇ ಹೊರಬೀಳುವಂಥದ್ದು. ಗೂಡನ್ನು ಸೂರ್ಯನ ಬಿಸಿಯಿಂದಲೇ ಕಾಯಿಸಿದರೂ ಅದು ತಪ್ಪುವುದಿಲ್ಲ. ಇದಕ್ಕೆ ಎರಡು ಉಪಾಯಗಳು ಹೊರಟಿವೆ. ಒಂದು, ಹೊಗೆಯಲ್ಲಿನ ಇಂಗಾಲವನ್ನು ಹಿಡಿಯುವುದು. ನಾರ್ವೆಯ ಬ್ರೆವಿಕ್‌ನ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ಉದ್ಘಾಟನೆಯಾದ ಘಟಕವು ವರ್ಷಕ್ಕೆ 4 ಲಕ್ಷ ಟನ್ ಹಿಡಿದು ಸಮುದ್ರತಳದ ಕೆಳಗೆ ಸೇರಿಸುವ ಸಾಮರ್ಥ್ಯದ್ದು. ಇನ್ನೊಂದು, ಸುಟ್ಟ ಸುಣ್ಣದಕಲ್ಲಿನ ಕ್ಲಿಂಕರನ್ನೇ ಕಡಿಮೆ ಮಾಡುವುದು. 1,450 ಡಿಗ್ರಿಯಲ್ಲಿ ಸುಡುವ ಕ್ಲಿಂಕರಿನ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಉಳಿದ ಜಾಗಕ್ಕೆ 800 ಡಿಗ್ರಿಯ ಆಸುಪಾಸಿನಲ್ಲಿ ಹುರಿದ ಜೇಡಿಮಣ್ಣನ್ನೂ ಸುಡದ ಸುಣ್ಣದಕಲ್ಲಿನ ಪುಡಿಯನ್ನೂ ಬೆರೆಸಿದ ಸಿಮೆಂಟ್ ಸಾಮಾನ್ಯ ಸಿಮೆಂಟಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಇಂಗಾಲ ಉಗುಳುತ್ತದೆ. ಸ್ವಿಟ್ಜರ್ಲೆಂಡ್ ಮತ್ತು ಕ್ಯೂಬಾದ ಸಂಶೋಧಕರೊಡನೆ ನಮ್ಮ ದೆಹಲಿ ಮತ್ತು ಮದ್ರಾಸ್ ಐಐಟಿಗಳು ಸೇರಿ ಬೆಳೆಸಿದ ತಂತ್ರ ಇದು. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಇದಕ್ಕೆ ಪ್ರತ್ಯೇಕ ಮಾನಕವನ್ನೂ ಕೊಟ್ಟಿದೆ. ಉಪ್ಪುಗಾಳಿಯಲ್ಲಿ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಈ ಮಿಶ್ರಣ ಚೆನ್ನಾಗಿ ತಡೆಯುತ್ತದೆ ಎಂಬುದು ಕಾರವಾರ, ಅಂಕೋಲಾದವರಿಗೆ ಇಂಗಾಲಕ್ಕಿಂತಲೂ ಹತ್ತಿರದ ವಿಷಯ. ಲೋಕೋಪಯೋಗಿ ಇಲಾಖೆ ತನ್ನ ಟೆಂಡರಿನಲ್ಲಿ ಈ ಸಿಮೆಂಟನ್ನು ಒಪ್ಪುವುದಾಗಿ ಒಂದು ಸಾಲು ಸೇರಿಸಿದರೆ ಸಾಕು, ಪೂರೈಸುವವರು ತಾವಾಗಿ ಹುಟ್ಟಿಕೊಳ್ಳುತ್ತಾರೆ. ನಮ್ಮ ಹಿರಿಯರು ಕಟ್ಟಿದ ಚಿರೆಕಲ್ಲಿನ ಗೋಡೆಗೆ ಒಲೆಯೂ ಬೇಕಿರಲಿಲ್ಲ, ಗೂಡೂ ಬೇಕಿರಲಿಲ್ಲ. ಕಡಿದ ಕಲ್ಲು ಗಾಳಿಗೆ ತಾನೇ ಗಟ್ಟಿಯಾಗುತ್ತಿತ್ತು. ಇಂದು ಅದೇ ಗೋಡೆಗೆ ಎರಡೂ ಬದಿ ದಪ್ಪಗೆ ಸಿಮೆಂಟ್ ಬಳಿದು ಚಿರೆಕಲ್ಲನ್ನೇ ಮುಚ್ಚಿಬಿಡುವುದು ಏಕೆಂದು ನನಗೆ ಈವರೆಗೂ ಅರ್ಥವಾಗಿಲ್ಲ.

ಇನ್ನು ನನಗೆ ಹೆಚ್ಚು ಪರಿಚಯವಿರುವ ಅಡಿಕೆಯ ವಿಷಯಕ್ಕೆ ಬರುತ್ತೇನೆ. ಕೆಂಪಡಿಕೆ ಮಾಡುವವರು ಹಸಿ ಅಡಿಕೆಯನ್ನು ಸುಲಿದು, ಹಂಡೆಯಲ್ಲಿ ಚೊಗರಿನೊಡನೆ, ಅಂದರೆ ಹಿಂದೆ ಅಡಿಕೆ ಬೇಯಿಸಿದ ಗಟ್ಟಿ ಕೆಂಪು ನೀರಿನೊಡನೆ ಬೇಯಿಸಿ, ಆಮೇಲೆ ಒಣಗಿಸುತ್ತಾರೆ. ಚಾಲಿ ಮಾಡುವವರು ಹಣ್ಣಡಿಕೆಯನ್ನು ಸಿಪ್ಪೆ ಸಹಿತ ಅಂಗಳದಲ್ಲಿ ಐದಾರು ವಾರ ಬಿಸಿಲಿಗೆ ಹರಡುತ್ತಾರೆ. ಬೇಯಿಸುವ ಒಲೆಗೆ ಕಟ್ಟಿಗೆ ಬೇಕು. ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಹಿಡಿದುಕೊಂಡರೆ ಒಣಗಿಸುವುದಕ್ಕೂ ಕಟ್ಟಿಗೆಯೇ ಬೇಕು, ಮತ್ತು ಈಚಿನ ವರ್ಷಗಳಲ್ಲಿ ಅಂಥ ಮಳೆ ಅಪರೂಪವಲ್ಲ. ಕಟ್ಟಿಗೆಯ ಹೊಗೆಯನ್ನು ಇಂಗಾಲದ ಲೆಕ್ಕದಿಂದ ಕೈಬಿಡುವ ವಾಡಿಕೆಯಿದೆ: ಕಡಿದ ಮರ ಮತ್ತೆ ಚಿಗುರಿ ಆ ಇಂಗಾಲವನ್ನು ಹೀರಿಕೊಳ್ಳುತ್ತದೆ ಎಂಬ ಊಹೆ ಅದರ ಹಿಂದಿದೆ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲಿ ಮರ ನಿಜವಾಗಿ ಚಿಗುರುತ್ತಿದ್ದರೆ ಆ ಊಹೆ ಸರಿ. ಸವರಿ ಸವರಿ ಬೋಳಾದ ಬೆಟ್ಟದಲ್ಲಿ ಅದು ಸುಳ್ಳು ಲೆಕ್ಕ.

ಹಳೆಯ ಬಗೆಯ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಹಂಡೆಗೆ ತಲುಪುತ್ತದೆ. ಇದನ್ನು ತಿದ್ದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ, ಹಳ್ಳಿಗೆ ಹೊಂದುವ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರ ಕೊಟ್ಟ ಒಲೆ ಮಲೆನಾಡಿನ ಅಡುಗೆಮನೆಗಳಲ್ಲಿ ಆ ಹೆಸರಿನಿಂದಲೇ ಪರಿಚಿತವಾಯಿತು. ಈಗ ಬಂದಿರುವ ಮುಂದಿನ ಹೆಜ್ಜೆ ಹೀಟ್ ಪಂಪ್. ಅದು ಫ್ರಿಜ್ಜಿನ ತತ್ವವನ್ನೇ ತಿರುಗಿಸಿದ ಯಂತ್ರ; ಹೊರಗಿನ ಗಾಳಿಯ ಶಾಖವನ್ನು ಎಳೆದು ಒಣಗಿಸುವ ಕೋಣೆಗೆ ತುಂಬುತ್ತದೆ, ತೇವದ ಗಾಳಿಯಿಂದ ನೀರನ್ನು ಹನಿಯಾಗಿಸಿ ಹೊರಹಾಕಿ, ಆ ನೀರು ಬಿಟ್ಟುಕೊಟ್ಟ ಶಾಖವನ್ನೂ ಮತ್ತೆ ಬಳಸಿಕೊಳ್ಳುತ್ತದೆ. ಒಂದು ಯೂನಿಟ್ ವಿದ್ಯುತ್ ಕೊಟ್ಟರೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಅಡಿಕೆ, ಏಲಕ್ಕಿ, ಕಾಳುಮೆಣಸು, ಕೋಕಂ ಸಿಪ್ಪೆ ಯಾವುದಕ್ಕೂ 70 ಡಿಗ್ರಿಗಿಂತ ಹೆಚ್ಚಿನ ಬಿಸಿ ಬೇಡದಿರುವಾಗ ಈ ಯಂತ್ರ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಆದರೆ ಮಾರಾಟಗಾರರು ಹೇಳುವಷ್ಟು ಸರಳವಾಗಿಲ್ಲ. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅದನ್ನು ಮೂರರಿಂದ ಭಾಗಿಸಿದರೆ ಬರುವ ಮೊತ್ತ, ಅಷ್ಟೇ ಶಾಖವನ್ನು ಅಡುಗೆ ಅನಿಲ ಸುಟ್ಟು ಪಡೆದಾಗ ಬರುವುದಕ್ಕೆ ಹೆಚ್ಚು ಕಡಿಮೆ ಸಮ. ಎಂದರೆ ಗ್ಯಾಸ್ ಡ್ರೈಯರ್ ತೆಗೆದು ಗ್ರಿಡ್‌ನ ವಿದ್ಯುತ್ತಿನ ಹೀಟ್ ಪಂಪ್ ಕೂರಿಸಿದರೆ ಇವತ್ತಿನ ಮಟ್ಟಿಗೆ ಇಂಗಾಲದಲ್ಲಿ ದೊಡ್ಡ ಲಾಭವೇನೂ ಇಲ್ಲ. ಡೀಸೆಲ್ ಅಥವಾ ಬೋಳುಬೆಟ್ಟದ ಕಟ್ಟಿಗೆಯ ಜಾಗದಲ್ಲಿ ಕೂರಿಸಿದರೆ, ಇಲ್ಲವೇ ಹಗಲಿನ ಸೌರ ವಿದ್ಯುತ್ತಿನಲ್ಲಿ ನಡೆಸಿದರೆ ಲಾಭವಿದೆ. ಅಡಿಕೆ ಒಣಗುವ ಕಾಲಕ್ಕೂ ತೋಟಕ್ಕೆ ನೀರು ಹಾಯಿಸುವ ಕಾಲಕ್ಕೂ ನಡುವೆ ಕೆಲವು ವಾರಗಳ ಅಂತರವಿರುತ್ತದೆ. ಆಗ ಸೌರ ಪಂಪ್‌ಸೆಟ್ಟಿನ ಫಲಕಗಳು ಬಿಸಿಲು ಕಾಯಿಸುತ್ತ ಸುಮ್ಮನೆ ನಿಂತಿರುತ್ತವೆ. ಅದೇ ಫಲಕಗಳಿಂದ ಬೇರೆ ಯಂತ್ರವನ್ನೂ ನಡೆಸಬಲ್ಲ ನಿಯಂತ್ರಕ ಈಗಾಗಲೇ ಲಭ್ಯವಿದೆ. ಪಂಪ್‌ಸೆಟ್ಟಿನ ಸಬ್ಸಿಡಿಯನ್ನೂ ಡ್ರೈಯರ್‌ನ ಸಬ್ಸಿಡಿಯನ್ನೂ ಬೇರೆ ಬೇರೆ ಇಲಾಖೆಗಳು ಬೇರೆ ಬೇರೆ ಅರ್ಜಿಗಳಲ್ಲಿ ಕೊಡುತ್ತಿರುವವರೆಗೆ ಇವೆರಡನ್ನು ಜೋಡಿಸುವವರು ಯಾರು?

ದೊಡ್ಡ ಕಾರ್ಖಾನೆಗಳಿಗಾಗಿ ಇನ್ನೊಂದು ಸರಳ ವಿದ್ಯೆ ಹೊರಗೆ ಬಂದಿದೆ. ವಿದ್ಯುತ್ತು ಅಗ್ಗವಿರುವ ಹಗಲಿನಲ್ಲಿ ಇಟ್ಟಿಗೆಯ ರಾಶಿಯನ್ನು ಸಾವಿರ ಡಿಗ್ರಿಗೂ ಮೀರಿ ಕಾಯಿಸಿಟ್ಟು, ರಾತ್ರಿ ಅದರ ಮೇಲೆ ಗಾಳಿ ಹಾಯಿಸಿ ಹಬೆ ಎಬ್ಬಿಸುವುದು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ (ವಿದ್ಯುತ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ) ಯೋಜನೆಯ ಬಗ್ಗೆ ಹೊನ್ನಾವರದಿಂದ ಸಾಗರದವರೆಗೆ ಜನ ಧ್ವನಿ ಎತ್ತಿರುವ ಈ ಹೊತ್ತಿನಲ್ಲಿ ಇದನ್ನು ಹೇಳಬೇಕೆನಿಸಿತು. ವಿದ್ಯುತ್ತನ್ನು ವಿದ್ಯುತ್ತಾಗಿಯೇ ಕೂಡಿಡುವ ಅಗತ್ಯವನ್ನು ಇಟ್ಟಿಗೆ ಪೂರ್ತಿ ನೀಗಿಸುವುದಿಲ್ಲ, ನಿಜ. ಆದರೆ ಕೊನೆಗೆ ಬೇಕಾದದ್ದು ಹಬೆಯೇ ಆಗಿರುವ ಕಡೆ, ಕಾರ್ಖಾನೆಯ ಹಿತ್ತಲಿನಲ್ಲೇ ಶಾಖ ಕೂಡಿಟ್ಟರೆ ಕಣಿವೆಯ ಮೇಲಿನ ಹೊರೆ ಅಷ್ಟರ ಮಟ್ಟಿಗಾದರೂ ಇಳಿಯುವುದಿಲ್ಲವೇ ಎಂಬ ಪ್ರಶ್ನೆಗೆ ಯೋಜನೆ ರೂಪಿಸಿದವರು ಉತ್ತರ ಕೊಡಬೇಕು.

ಆಹಾರದ ವಿಷಯದಲ್ಲಿ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್‌ಗಳದೇ ದೊಡ್ಡ ಪಾಲು. ವಾತಾವರಣ ಬಿಸಿಯೇರಿಸುವುದರಲ್ಲಿ, ನೂರು ವರ್ಷಗಳ ಲೆಕ್ಕಕ್ಕೆ, ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು, ಯೂರಿಯಾ ಹಾಕಿದ ನೆಲದಿಂದ ಏಳುವ ನೈಟ್ರಸ್ ಆಕ್ಸೈಡ್ ಸುಮಾರು 273 ಪಟ್ಟು ತೀಕ್ಷ್ಣ. ಹಸುಗಳ ಮೀಥೇನಿಗೆ ಯುರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಬಳಕೆಗೆ ಬಿಟ್ಟ ಒಂದು ಪುಡಿ ಹಾಲಿನ ಹಸುಗಳಲ್ಲಿ ಸರಾಸರಿ ಶೇ 30ರಷ್ಟು ಇಳಿಕೆ ತೋರಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಟ್ಯಾನಿನ್ ಇರುವ ಸಸ್ಯಗಳಿಂದ ರೂಪಿಸಿದ ‘ಹರಿತ್ ಧಾರಾ’ ಶೇ 17ರಿಂದ 20ರಷ್ಟು ಇಳಿಸುತ್ತದೆ. ಇವೆಲ್ಲ ಕೊಟ್ಟಿಗೆಯಲ್ಲೇ ಕಟ್ಟಿ, ತೂಗಿ, ಬೆರೆಸಿ ತಿನ್ನಿಸುವ ಹಸುಗಳಿಗೆ ಸರಿ. ಬೆಳಿಗ್ಗೆ ಬಿಟ್ಟರೆ ಸಂಜೆ ಬೆಟ್ಟದಿಂದ ತಾನೇ ಮನೆಗೆ ಬರುವ ಮಲೆನಾಡು ಗಿಡ್ಡ ತಳಿಯ ದನಕ್ಕೆ ಹೊತ್ತುಹೊತ್ತಿಗೆ ಪುಡಿ ತಿನ್ನಿಸುವವರು ಯಾರು? ಮೇಲಾಗಿ ತಿಂದ ಮೇವಿಗೆ ತಕ್ಕಂತೆ ಮೀಥೇನ್ ಹುಟ್ಟುವುದರಿಂದ, ಸಣ್ಣ ಮೈಯ ಈ ದನಗಳನ್ನು ಮೊದಲ ಗುರಿಯಾಗಿಸುವ ಅಗತ್ಯವೂ ಕಾಣುವುದಿಲ್ಲ.

ಗದ್ದೆಯದೂ ಇದೇ ಕಥೆ. ನಿಂತ ನೀರಿನಡಿ ಗಾಳಿಯಾಡದ ಮಣ್ಣಿನಲ್ಲಿ ಮೀಥೇನ್ ಹುಟ್ಟುತ್ತದೆ. ಗದ್ದೆಯಲ್ಲಿ ತೂತಿನ ಪೈಪು ನೆಟ್ಟು, ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿದ ಮೇಲೆ ಮತ್ತೆ ನೀರು ಬಿಡುವ, ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಪದ್ಧತಿಯಿಂದ ಅದು ಅರ್ಧದಷ್ಟು ಇಳಿಯಬಲ್ಲದು. ಕಾಲುವೆ ನೀರಾವರಿಯ ಊರುಗಳಿಗೆ ಇದು ಉತ್ತಮ ಉಪಾಯ, ಬೇಸಿಗೆ ಬೆಳೆ ತೆಗೆಯುವ ನಮ್ಮಲ್ಲಿನ ಕೆಲವರಿಗೂ ಸಹ. ಆದರೆ ಆಷಾಢದ ಮಳೆಯಲ್ಲಿ ಕರಾವಳಿಯ ಗದ್ದೆಯ ನೀರು ಇಳಿಸುವುದು ಯಾರ ಕೈಯಲ್ಲೂ ಇಲ್ಲ. ಅಘನಾಶಿನಿಯ ಅಳಿವೆಯ ಗಜನಿಗಳಲ್ಲಿ, ಕುಮಟಾದ ಮಾಣಿಕಟ್ಟದಂಥ ಕಡೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವವರು ಗೊಬ್ಬರವನ್ನೇ ಹಾಕುವುದಿಲ್ಲ; ಹಾಗಾಗಿ ಯೂರಿಯಾದ ನೈಟ್ರಸ್ ಆಕ್ಸೈಡ್ ಅಲ್ಲಿಲ್ಲ. ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಮೀಥೇನ್ ಹುಟ್ಟಿಸುವ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುತ್ತದೆ ಎಂಬುದು ವಿಜ್ಞಾನಕ್ಕೆ ಹೊಸದಲ್ಲ. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ಒಡ್ಡು ಒಡೆದು ಗಜನಿ ಪಾಳು ಬೀಳದಂತೆ ನೋಡಿಕೊಳ್ಳುವುದು, ಹೊಸ ಯಂತ್ರ ತರುವುದಕ್ಕಿಂತ ಮೊದಲು ಆಗಬೇಕಾದ ಕೆಲಸ.

ನಮ್ಮಲ್ಲಿ ಹೊಸದಾಗಿ ಮಾಡಬಹುದಾದ ಒಂದು ಕೆಲಸವೆಂದರೆ ಅಡಿಕೆ ಸಿಪ್ಪೆಯ ಬಯೋಚಾರ್. ಸುಗ್ಗಿ ಮುಗಿದ ಮೇಲೆ ರಸ್ತೆಯ ಬದಿಗೆ ಬಿದ್ದು ಕೊಳೆಯುವ, ಇಲ್ಲವೇ ಬೆಂಕಿ ಹಚ್ಚಿಸಿಕೊಂಡು ದಿನಗಟ್ಟಲೆ ಹೊಗೆಯಾಡುವ ಸಿಪ್ಪೆಯ ರಾಶಿಯನ್ನು ಶಿರಸಿ, ಸಿದ್ದಾಪುರದ ಕಡೆ ಓಡಾಡಿದವರೆಲ್ಲ ನೋಡಿರುತ್ತಾರೆ. ಅದನ್ನೇ ಗಾಳಿ ಕಡಿಮೆ ಸಿಗುವಂತೆ ಸುಟ್ಟರೆ ಬೂದಿಯಾಗದೆ ಇದ್ದಿಲಾಗುತ್ತದೆ. ಆ ಇದ್ದಿಲಿನ ಇಂಗಾಲ ಮಣ್ಣಿನಲ್ಲಿ ನೂರಾರು ವರ್ಷ ಉಳಿಯಬಲ್ಲದು. ಶೇ 70ರಷ್ಟು ಇಂಗಾಲವಿರುವ ಒಂದು ಟನ್ ಇದ್ದಿಲು ಸುಮಾರು 2.5 ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಬಾಯಿ ಅಗಲ, ತಳ ಕಿರಿದಾದ ಗುಂಡಿ ತೋಡಿ, ತಳದಲ್ಲಿ ಬೆಂಕಿ ಎಬ್ಬಿಸಿ, ಮೇಲ್ಪದರ ಬೂದಿ ಬಣ್ಣಕ್ಕೆ ತಿರುಗುವ ಮೊದಲೇ ಮುಂದಿನ ಪದರದ ಒಣ ಸಿಪ್ಪೆ ಹಾಕುತ್ತ ಹೋಗಿ, ಗುಂಡಿ ತುಂಬಿದ ಮೇಲೆ ನೀರು ಸುರಿದು ಆರಿಸಬೇಕು. ಸಿಪ್ಪೆ ಹಸಿಯಿದ್ದರೆ ಹೊಗೆಯಲ್ಲದೆ ಬೇರೇನೂ ದಕ್ಕುವುದಿಲ್ಲ. ಹೀಗೆ ಬಂದ ಇದ್ದಿಲನ್ನು ಗೋಬರ್ ಗ್ಯಾಸ್ ಘಟಕದ ಸಗಣಿ ಬಗ್ಗಡದಲ್ಲಿ ನೆನೆಸಿ ಅಡಿಕೆ ಬುಡಕ್ಕೆ ಕೊಟ್ಟರೆ ನಮ್ಮ ಹುಳಿ ಮಣ್ಣಿಗೂ ಹಿತ. ಇಂಗಾಲ ಹಿಡಿದಿಟ್ಟಿದ್ದಕ್ಕೆ ಹಣ ತರುವ ಕ್ರೆಡಿಟ್ಟಿನ ಆಸೆಗೆ ಬೆಟ್ಟದ ಮರವೇ ಗುಂಡಿಗೆ ಇಳಿಯಬಾರದು ಎಂಬ ಎಚ್ಚರ ಮಾತ್ರ ಮೊದಲ ದಿನದಿಂದಲೇ ಬೇಕು.

ಮೀನುಗಾರಿಕೆ ಬಂದರಿನ ಮಂಜುಗಡ್ಡೆ ಕಾರ್ಖಾನೆಗಳ ಬಗ್ಗೆ ಒಂದು ಮಾತು. ಹಳೆಯ ಕಾಲದ ಅಮೋನಿಯಾ ಯಂತ್ರಗಳೆಂದು ಅವುಗಳನ್ನು ಮೂಗು ಮುರಿದು ನೋಡುವವರಿದ್ದಾರೆ. ಅಮೋನಿಯಾ ಸೋರಿದರೆ ಉಸಿರಿಗೆ ಅಪಾಯ ಹೌದು, ಆದರೆ ವಾತಾವರಣ ಬಿಸಿಯೇರಿಸುವ ಗುಣ ಅದಕ್ಕಿಲ್ಲ; ಹೊಸ ಶೀತಲಗೃಹಗಳಲ್ಲಿ ಬಳಸುವ ಆರ್-404ಎ ಎಂಬ ಅನಿಲ ಒಂದು ಕಿಲೋ ಸೋರಿದರೆ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಕೆಲಸ ಮಾಡುತ್ತದೆ. ‘ಆಧುನೀಕರಣ’ದ ಹೆಸರಿನಲ್ಲಿ ಅಮೋನಿಯಾವನ್ನು ಕಿತ್ತು ಅಂಥ ಅನಿಲ ತುಂಬುವ ಬದಲು, ಇರುವ ಯಂತ್ರಕ್ಕೆ ಒಳ್ಳೆಯ ಮೋಟಾರು, ಸೋರಿಕೆ ಪತ್ತೆಹಚ್ಚುವ ಉಪಕರಣ ಕೊಡಿಸುವುದು ಲೇಸು.

ಇಷ್ಟೆಲ್ಲ ಬರೆದ ಮೇಲೆ ಮುಖ್ಯ ಮಾತು. ಹೊಸ ತಂತ್ರಜ್ಞಾನ ಹಳ್ಳಿಯಲ್ಲಿ ಉಳಿಯುವುದು ಹೇಗೆ ಎಂಬುದಕ್ಕೆ ಉತ್ತರ ಹುಡುಕಿ ನಾವು ಸ್ವೀಡನ್ನಿಗೆ ಹೋಗಬೇಕಿಲ್ಲ. ಶಿರಸಿ ಭಾಗದ ಗೋಬರ್ ಗ್ಯಾಸ್ ಘಟಕಗಳ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ದೇಶದ ಹಲವೆಡೆ ಸರ್ಕಾರಿ ಗುರಿ ಮುಟ್ಟಿಸಲು ಕಟ್ಟಿದ ಘಟಕಗಳು ಪಾಳು ಬಿದ್ದಿದ್ದ ಕಾಲದಲ್ಲಿ ಇಲ್ಲಿನವು ಹೆಚ್ಚು ಕಡಿಮೆ ಎಲ್ಲವೂ ನಡೆಯುತ್ತಿದ್ದವು. ನಮ್ಮಲ್ಲಿ ಕೊಟ್ಟಿಗೆಯಿದೆ, ನೀರಿದೆ ಎಂಬುದಷ್ಟೇ ಕಾರಣವಾಗಿರಲಿಲ್ಲ. ಘಟಕ ಕಟ್ಟುವ ಸ್ಥಳೀಯ ಉದ್ಯಮಿಗಳ ನಡುವೆ ಪೈಪೋಟಿಯಿತ್ತು, ಕಟ್ಟಿದವರೇ ಖಾತರಿ ಕೊಟ್ಟು, ಕರೆದಾಗ ಬಂದು ದುರಸ್ತಿ ಮಾಡುತ್ತಿದ್ದರು.

ಈಗಿನ ಸ್ಥಿತಿಯನ್ನೂ ಹೇಳಬೇಕು. ಮಕ್ಕಳು ಬೆಂಗಳೂರು ಸೇರಿ ಮನೆಯಲ್ಲಿ ಇಬ್ಬರೇ ಉಳಿದಿರುವ ಕಡೆ, ಸಿಲಿಂಡರೂ ಇರುವಾಗ, ಗೋಬರ್ ಗ್ಯಾಸ್ ಪೂರ್ತಿ ಖರ್ಚಾಗುವುದಿಲ್ಲ. ಗುಮ್ಮಟದಲ್ಲಿ ಅನಿಲ ತುಂಬಿ ಬಗ್ಗಡವನ್ನು ಕೆಳಕ್ಕೆ ಒತ್ತಿ, ಕೊನೆಗೆ ಹೊರದಾರಿಯಲ್ಲಿ ಗುಳ್ಳೆಯಾಗಿ ಹೋಗುತ್ತದೆ. ಹಾಗೆ ಹೋಗುವುದು ಮೀಥೇನ್. ಬಳಸಿದರೆ ಉಪಕಾರಿಯಾದ ಘಟಕ ಬಳಸದಿದ್ದರೆ ಗೊಬ್ಬರಗುಂಡಿಗಿಂತ ಹೆಚ್ಚು ಹಾನಿ ಮಾಡೀತು. ನನಗೆ ಪರಿಚಯದ ಒಂದು ಮನೆಯಲ್ಲಿ ಹೆಚ್ಚುವರಿ ಅನಿಲಕ್ಕೆ ಬಚ್ಚಲ ಹಂಡೆಯ ಕೆಳಗೆ ಒಂದು ಬರ್ನರ್ ಕೂರಿಸಿಕೊಂಡು, ಸ್ನಾನದ ನೀರಿಗೆ ಸುಡುತ್ತಿದ್ದ ಕಟ್ಟಿಗೆಯನ್ನು ಪೂರ್ತಿ ಉಳಿಸಿದ್ದಾರೆ. ಇಂಥ ಸಣ್ಣ ತಿದ್ದುಪಡಿಗೆ ಯಾವ ಯೋಜನೆಯಲ್ಲೂ ಹಣವಿಲ್ಲ, ಏಕೆಂದರೆ ಯೋಜನೆಗಳಿಗೆ ಬೇಕಾದದ್ದು ಹೊಸ ಘಟಕದ ಸಂಖ್ಯೆ.

ಆದ್ದರಿಂದ ಜಿಲ್ಲಾ ಪಂಚಾಯಿತಿ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳಲ್ಲಿ ನನ್ನ ವಿನಂತಿ ಇಷ್ಟು. ಹೀಟ್ ಪಂಪ್ ಡ್ರೈಯರ್ ಇರಲಿ, ಬಯೋಚಾರ್ ಗುಂಡಿಯಿರಲಿ, ಸಬ್ಸಿಡಿಯ ಮೂರನೇ ಒಂದು ಭಾಗವನ್ನು ತಡೆಹಿಡಿದು, ಯಂತ್ರ ಮೂರನೆಯ ಸುಗ್ಗಿಯಲ್ಲಿಯೂ ನಡೆಯುತ್ತಿರುವುದನ್ನು ಸ್ಥಳದಲ್ಲಿ ನೋಡಿದ ಮೇಲೆ ಅದನ್ನು ಕಟ್ಟಿಕೊಟ್ಟವರಿಗೆ ಕೊಡಿ. ತಾಲೂಕಿಗೆ ಇಬ್ಬರನ್ನಾದರೂ ದುರಸ್ತಿಗೆ ತರಬೇತುಗೊಳಿಸಿ. ಶಿರಸಿಯ ಐಟಿಐ ಹುಡುಗರಿಗೆ ಇದು ಒಳ್ಳೆಯ ಉದ್ಯೋಗವಾದೀತು. ಒಬ್ಬೊಬ್ಬ ಸಣ್ಣ ಬೆಳೆಗಾರನಿಗೆ ಡ್ರೈಯರ್ ಕೊಳ್ಳುವ ಶಕ್ತಿಯಿಲ್ಲದಿರುವುದರಿಂದ ಅಡಿಕೆ ವಹಿವಾಟಿನ ಸಹಕಾರಿ ಸಂಘಗಳು ಊರಿಗೊಂದು ಸಾಮೂಹಿಕ ಒಣಗಿಸುವ ಕೋಣೆ ನಡೆಸುವುದಾದರೆ, ಹಣವನ್ನು ಮೊದಲು ಅವುಗಳಿಗೆ ಕೊಡುವುದು ಸೂಕ್ತ. ಇವೆಲ್ಲಕ್ಕೂ ಮೊದಲು, ಕಳೆದ ಹತ್ತು ವರ್ಷಗಳಲ್ಲಿ ಜಿಲ್ಲೆಯಲ್ಲಿ ಸಹಾಯಧನ ಪಡೆದ ಸೌರ ಡ್ರೈಯರ್, ಸುಧಾರಿತ ಒಲೆ ಮತ್ತು ಗೋಬರ್ ಗ್ಯಾಸ್ ಘಟಕಗಳಲ್ಲಿ ಇಂದು ನಡೆಯುತ್ತಿರುವವು ಎಷ್ಟು ಎಂಬ ಪಟ್ಟಿಯನ್ನು ಗ್ರಾಮ ಪಂಚಾಯಿತಿವಾರು ಸಿದ್ಧಪಡಿಸಿ ಸಾರ್ವಜನಿಕರ ಮುಂದಿಡಬೇಕು. ಈ ಮಳೆಗಾಲ ಮುಗಿದು ಅಡಿಕೆಗೊನೆಯ ಕೊಯ್ಲು ಶುರುವಾಗುವುದರೊಳಗೆ ಅಷ್ಟು ಮಾಡಲು ಇಲಾಖೆಗಳಿಗೆ ಕಷ್ಟವಾಗಲಾರದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಡಿಕೆ ಬೆಳೆಗಾರ
ಶಿರಸಿ, ಉತ್ತರ ಕನ್ನಡ